ಖಾಲಿ ಮರಳು

ಕಚೇರಿಯಲ್ಲಿ ಅವನಿಗೆ ಜರಡಿ ಎಂದು ಹೆಸರು. ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ, ಆದರೆ ಇಟ್ಟವರು ಸುಮ್ಮನೆ ಇಟ್ಟಿರಲಿಲ್ಲ. ಹೊಲದ ಮಣ್ಣನ್ನು ಜರಡಿ ಹಿಡಿಯುವುದು ಅವನ ಕೆಲಸ; ಕೆಲಸ ಮುಗಿದ ಮೇಲೂ ಆ ಚಾಳಿ ಸುಮ್ಮನಿರುತ್ತಿರಲಿಲ್ಲ. ಯಾರು ಏನೇ ಮಾತಾಡಿದರೂ ಅದನ್ನು ಅಲ್ಲಾಡಿಸಿ, ಸೋಸಿ, ಕಲ್ಲು ಹೆಕ್ಕಿ ಅವರ ಕೈಗೇ ಕೊಡುತ್ತಿದ್ದ. "ಬಸ್ಸು ಹತ್ತು ನಿಮಿಷ ತಡ" ಎಂದರೆ "ಹನ್ನೆರಡು" ಎನ್ನುವವನು. "ಉಪ್ಪು ಸ್ವಲ್ಪ ಜಾಸ್ತಿ ಆಯ್ತೇನೋ" ಎಂದು ಹೆಂಡತಿ ಅನುಮಾನಿಸಿದರೆ "ಏನೋ ಅಲ್ಲ, ಆಗಿದೆ" ಎಂದು ಹೇಳಿ ಊಟ ಮುಂದುವರಿಸುವವನು. ಇಂಥವನ ಜೊತೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಆ ತಾಯಿಗೆ ಇಲ್ಲಿಂದಲೇ ಒಂದು ನಮಸ್ಕಾರ ಹಾಕಿ ಮುಂದೆ ಹೋಗೋಣ.

ಹದಿನಾಲ್ಕು ವರ್ಷಗಳ ಹಿಂದೆ ಸರ್ಕಾರ ಒಂದು ಕಳೆನಾಶಕವನ್ನು ನಿಷೇಧಿಸಿತ್ತು. ಅದನ್ನು ಹೊಡೆದರೆ ಕಳೆ ಸಾಯುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಿಷ ಮಣ್ಣಿನೊಳಗೆ ವರ್ಷಗಟ್ಟಲೆ ಠಿಕಾಣಿ ಹೂಡಿ, ಬೇರಿನಿಂದ ತರಕಾರಿಗೆ, ತರಕಾರಿಯಿಂದ ಹೊಟ್ಟೆಗೆ ಇಳಿಯುತ್ತಿತ್ತು. ಅಂಗಡಿಯಲ್ಲಿ ಮಾರುವುದು ನಿಂತರೂ ಮನೆಮನೆಯ ಅಟ್ಟದಲ್ಲಿ, ಶೆಡ್ಡಿನ ಮೂಲೆಯಲ್ಲಿ ಉಳಿದ ಡಬ್ಬಗಳು ಎಲ್ಲಿಗೆ ಹೋದಾವು? ಹಾಗಾಗಿ ಆಸ್ಪತ್ರೆಯ ಅಡುಗೆಮನೆಗೆ, ಶಾಲೆಗಳಿಗೆ ತರಕಾರಿ ಕೊಡುವವರ ಹೊಲದ ಮಣ್ಣನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಚೀಟಿ ಕೊಡಬೇಕಿತ್ತು. ಮಣ್ಣು ತರುವವನು ಜರಡಿ. ಅದನ್ನು ಯಂತ್ರಕ್ಕೆ ಹಾಕಿ ವಿಷ ಇದೆಯೋ ಇಲ್ಲವೋ ನೋಡುವವಳು ಯಂತ್ರದಮ್ಮ. ವಯಸ್ಸಿನಲ್ಲಿ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಬಾಯಿಯಲ್ಲಿ ಯಾರಿಗೂ ಚಿಕ್ಕವಳಲ್ಲ.

ಮಣ್ಣು ತರುವ ಕೆಲಸಕ್ಕೆ ಒಂದು ನಿಯಮವಿದೆ. ಹೊಲಕ್ಕೆ ಹೋಗುವಾಗ ಒಂದು ಚೀಲ ಮರಳನ್ನೂ ಒಯ್ಯಬೇಕು. ಕುಲುಮೆಯಲ್ಲಿ ಕಾಯಿಸಿ, ಏನೇನೂ ಉಳಿಯದ ಹಾಗೆ ಸುಟ್ಟ ಮರಳು. ಅದಕ್ಕೆ ಖಾಲಿ ಮರಳು ಎನ್ನುತ್ತಾರೆ. ಹೊಲದಲ್ಲಿ ಮೊದಲು ಆ ಮರಳನ್ನು ಬಕೆಟ್ಟಿಗೆ ಸುರಿದು, ಮಣ್ಣು ಕಲಸುವ ಅದೇ ಕರಣೆಯಿಂದ ತಿರುವಿ, ಒಂದು ಸೀಸೆಗೆ ತುಂಬಿಕೊಳ್ಳಬೇಕು. ಆಮೇಲೆ ಹೊಲದ ಮಣ್ಣು. ನಾಳೆ ಮರಳಿನಲ್ಲೂ ವಿಷ ಕಂಡಿತೆನ್ನಿ, ಆಗ ಕೊಳೆ ಇರುವುದು ಬಕೆಟ್ಟಿನಲ್ಲಿ, ಹೊಲದಲ್ಲಿ ಅಲ್ಲ ಎಂದು ಗೊತ್ತಾಗುತ್ತದೆ. ಐದು ನಿಮಿಷದ ಕೆಲಸ.

ಜರಡಿ ಮೊದಲ ಕೆಲವು ವರ್ಷ ತಪ್ಪದೆ ಮಾಡಿದ. ಬಂದದ್ದೇ ಬಂದದ್ದು ಸೊನ್ನೆ. ಆಮೇಲೊಂದು ದಿನ ಬೆಳಿಗ್ಗೆ ಲ್ಯಾಬಿನಲ್ಲಿ ಚಹಾ ಕುಡಿಯುತ್ತಿದ್ದಾಗ, ಹೇಗಿದ್ದರೂ ಸೊನ್ನೆ ತಾನೇ ಬರುವುದು ಎಂದು ಚೀಲದಿಂದ ನೇರವಾಗಿ ಸೀಸೆಗೆ ಮರಳು ತುಂಬಿ ಮುಚ್ಚಳ ಹಾಕಿದ. ಅಂದಿನಿಂದ ಅದೇ ರೂಢಿಯಾಯಿತು. 'ಖಾಲಿ ಮರಳನ್ನು ಹೊಲದಲ್ಲಿ ಸಲಕರಣೆಗಳಲ್ಲಿ ಆಡಿಸಲಾಗಿದೆಯೇ?' ಎಂದು ನಮೂನೆ ಕೇಳುತ್ತಿತ್ತು. 'ಹೌದು' ಎಂದು ಗುರುತು ಹಾಕುತ್ತಿದ್ದ. ಹೀಗೆ ಹನ್ನೊಂದು ವರ್ಷ. ಒಂದು ಚಿಟಿಕೆ ಉಪ್ಪಿನಲ್ಲೂ ಹೆಂಡತಿಗೆ ಬಿಟ್ಟುಕೊಡದವನು ತನಗೆ ತಾನೇ ಇದೊಂದು ರಿಯಾಯಿತಿ ಕೊಟ್ಟುಕೊಂಡಿದ್ದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಸೊಪ್ಪಿನಕ್ಕನ ಹೊಲ ಪಟ್ಟಣದ ಅಂಚಿನಲ್ಲಿತ್ತು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆ ದನಿ ಹಾಗಿತ್ತು. ಗಂಡ ತೀರಿಕೊಂಡ ಮೇಲೆ ತಮ್ಮನನ್ನು ಕರೆಸಿಕೊಂಡು, ಇಬ್ಬರೂ ಸೇರಿ ಪಾಲಕ್, ಮೂಲಂಗಿ, ಕ್ಯಾರೆಟ್ ಬೆಳೆಯುತ್ತಿದ್ದರು. ಕಳೆಯನ್ನು ಕೈಯಲ್ಲೇ ಕೀಳುವುದು. ನಲವತ್ತು ದಾಟಿದ ಆ ತಮ್ಮ ಮದುವೆ ಗಿದುವೆಯ ಗೊಡವೆಗೆ ಹೋಗದೆ, ಮೊಣಕಾಲಿಗೆ ಹಳೆಯ ಟೈರಿನ ತುಂಡು ಕಟ್ಟಿಕೊಂಡು ಸಾಲಿನುದ್ದಕ್ಕೂ ತೆವಳುತ್ತ ಕಳೆ ಕೀಳುತ್ತಿದ್ದ. ಮಾತು ಕಡಿಮೆ. ಎರಡು ಮಾತಿನ ಕಡೆ ಒಂದು, ಒಂದರ ಕಡೆ ಒಂದು ನಗು. ಎಂಟು ವರ್ಷದಿಂದ ಆಸ್ಪತ್ರೆಯ ಅಡುಗೆಮನೆಗೆ ಇವರದೇ ಸೊಪ್ಪು ಹೋಗುತ್ತಿತ್ತು. "ನಮ್ಮ ಸೊಪ್ಪು ತಿಂದು ರೋಗಿಗಳು ಎದ್ದು ಮನೆಗೆ ಹೋಗ್ತಾರೆ, ಡಾಕ್ಟ್ರು ಹೆಸರು ತಗೋತಾರೆ" ಎಂದು ಸೊಪ್ಪಿನಕ್ಕ ನಗುತ್ತಿದ್ದಳು. ಅವಳ ಬಾಳಿನಲ್ಲಿ ಎದೆ ತಟ್ಟಿ ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು.

ಈ ವರ್ಷ ಅವಳ ಹೊಲಕ್ಕೆ ಹೊರಟ ಬೆಳಿಗ್ಗೆ ಜರಡಿಯ ಬಕೆಟ್ಟಿನ ತಳ ಸೀಳಿತ್ತು. ಇಲಾಖೆಯಲ್ಲಿ ಹೊಸದು ಕೇಳಿದರೆ ಮೂರು ಸಹಿ, ಎರಡು ವಾರ. ಮನೆಯ ಹಿಂದೆ ಅಪ್ಪ ತನ್ನ ಗುದ್ದಲಿ ಸನಿಕೆ ಇಡುವ ಮೂಲೆಯಲ್ಲಿ ನೀಲಿ ಬಕೆಟ್ಟೊಂದು ಮಗುಚಿ ಬಿದ್ದಿತ್ತು. ಮೂರು ಸಲ ನೀರು ಹಾಕಿ ತೊಳೆದ, ಎತ್ತಿಕೊಂಡು ಹೋದ.

"ಏನ್ ಸಾರ್, ಈ ಸಲ ಬಕೆಟ್ಟೇ ಬೇರೆ! ಸರ್ಕಾರಕ್ಕೆ ಬುದ್ಧಿ ಬಂತಾ?" ಎಂದು ಸೊಪ್ಪಿನಕ್ಕ ಗೇಟಿನಲ್ಲೇ ಕೇಳಿದಳು.

"ಬಕೆಟ್ಟು ತಗೊಂಡು ಏನ್ ಮಾಡ್ತೀರಕ್ಕಾ? ಮಣ್ಣು ನೋಡೋಣ. ಮಣ್ಣು ಸುಳ್ಳು ಹೇಳಲ್ಲ."

ಅದು ಅವನ ಹಳೆಯ ಮಾತು. ಪ್ರತಿ ಹೊಲದಲ್ಲೂ ಒಂದು ಸಲ ಹೇಳದಿದ್ದರೆ ಅವನಿಗೆ ಕೆಲಸ ಮಾಡಿದಂತೆ ಆಗುತ್ತಿರಲಿಲ್ಲ. ಮುಂದಿನದನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿದ. ಹೊಲದ ಉದ್ದಕ್ಕೆ ಅಂಕುಡೊಂಕಾಗಿ ನಡೆದು ಹದಿನೈದು ಕಡೆ ಕೊರೆದು, ಒಂದೊಂದು ಗೇಣು ಆಳದ ಮಣ್ಣು ತೆಗೆದ. ಸೊಪ್ಪಿನಕ್ಕನ ತಮ್ಮ ಬಕೆಟ್ ಹಿಡಿದು ಹಿಂದೆ ಹಿಂದೆ ಬಂದ. ಮಣ್ಣನ್ನೆಲ್ಲ ಕಲಸಿ, ಹಾಳೆಯ ಮೇಲೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ನಾಲ್ಕು ಮಾಡಿ, ಕೊನೆಗೆ ಒಂದು ಕಂದು ಸೀಸೆಯಷ್ಟು ಉಳಿಸಿಕೊಂಡ. ಖಾಲಿ ಮರಳಿನ ಸೀಸೆ ಬೆಳಿಗ್ಗೆಯೇ ತುಂಬಿ ಐಸ್ ಪೆಟ್ಟಿಗೆಯಲ್ಲಿ ತಣ್ಣಗೆ ಕುಳಿತಿತ್ತು.

ಹತ್ತು ದಿನದ ಮೇಲೆ ಯಂತ್ರದಮ್ಮ ಅವನನ್ನು ಕರೆದಳು. ಪರದೆಯ ಮೇಲೆ ನೆಟ್ಟಗೆ ಹೋಗುತ್ತಿದ್ದ ಗೆರೆ ಒಂದು ಕಡೆ ಚೂಪಾಗಿ ಎದ್ದಿತ್ತು.

"ಸೊಪ್ಪಿನಕ್ಕಂದು ಸಾರ್. ನಂಬಕ್ಕೇ ಆಗ್ತಿಲ್ಲ, ಎರಡು ಸಲ ನೋಡಿದೆ. ಮರಳಲ್ಲಿ ಸೊನ್ನೆ ಬಂದಿದೆ. ಹೊಲದಲ್ಲಿ ಆಡಿಸಿದ್ರಿ ತಾನೇ?"

"ಆಡಿಸದೆ?" ಎಂದ ಜರಡಿ.

ಒಂದೇ ಪದ. ಆಮೇಲೆ ಎಷ್ಟೋ ದಿನ ಈ ಒಂದು ಪದ ಅವನ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್ ಎನ್ನುತ್ತಿತ್ತು. ಆಗ ಮಾತ್ರ ನಾಲಿಗೆ ತಡವರಿಸಲೂ ಇಲ್ಲ.

ಚೀಟಿಯನ್ನು ಕೈಯಾರೆ ಕೊಡುವುದು ಪದ್ಧತಿ. ಸೊಪ್ಪಿನಕ್ಕ ಅದನ್ನು ಓದಿ, ತಿರುಗಿಸಿ ಹಿಂಬದಿ ನೋಡಿ, ಮತ್ತೆ ಓದಿದಳು. ಅವಳ ತಮ್ಮ ತೊಳೆದ ಮೂಲಂಗಿಯ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಆಗೋ ಮಾತಲ್ಲ ಇದು. ನಾವು ಆ ವಿಷದ ಡಬ್ಬ ಕಣ್ಣಲ್ಲೂ ನೋಡಿದವರಲ್ಲ."

"ಅಕ್ಕಾ, ಮಣ್ಣು ಸುಳ್ಳು ಹೇಳಲ್ಲ. ಹೇಳಿದ್ರೆ ಮನುಷ್ಯರು ಹೇಳಬೇಕು."

ಅವನು ಹಾಗೆಂದಾಗ ಅವಳು ನಿಧಾನವಾಗಿ ಕತ್ತು ತಿರುಗಿಸಿ ತಮ್ಮನನ್ನು ನೋಡಿದಳು. ಜರಡಿ ಅದನ್ನು ಕಂಡ. ಕಂಡೂ ಅದು ತನಗೆ ಸಂಬಂಧಿಸಿದ್ದಲ್ಲ ಎಂದುಕೊಂಡು, ರಸೀದಿಗೆ ಅವಳ ಸಹಿ ಹಾಕಿಸಿಕೊಂಡು, ಸೈಕಲ್ಲು ಹತ್ತಿ ಹೊರಟ.

ಆಸ್ಪತ್ರೆಯವರು ಮಾರನೆಯ ದಿನವೇ ಸೊಪ್ಪು ನಿಲ್ಲಿಸಿದರು. ಹೊಲದ ಗೇಟಿಗೆ ಕೆಂಪು ಅಕ್ಷರದ ನೋಟೀಸು ಅಂಟಿಸಿದರು. ಎಂಟು ವರ್ಷ ಅವಳ ಸೊಪ್ಪಿಗೆ ಸಾಲು ನಿಲ್ಲುತ್ತಿದ್ದ ಮಾರ್ಕೆಟ್ಟಿನಲ್ಲಿ "ನೋಡಿದ್ರಾ, ಹೊರಗೆ ಥಳುಕು, ಒಳಗೆ ಹುಳುಕು" ಎನ್ನುವವರು ಎದ್ದರು. ಜನರ ಬಾಯಿಗೆ ಬೀಗ ಹಾಕುವವರು ಯಾರು?

ಮುಂದಿನ ಭಾನುವಾರ ಜರಡಿ ಮನೆಯ ಹಿಂದೆ ಕುಳಿತು ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದ. ಅಪ್ಪ ಬಂದ. ಎಂಬತ್ತು ದಾಟಿದರೂ ಹಳೆಯ ಬೇಸಾಯಗಾರನ ಕೈ ಸುಮ್ಮನಿರದು. ಅಂಗಳದ ಕಲ್ಲುಗಳ ಸಂದಿಯಲ್ಲಿ ಒಂದು ಹುಲ್ಲು ಎದ್ದರೂ ಅವನಿಗೆ ಅದು ತನ್ನ ಮೇಲೇ ಎದ್ದ ದಂಗೆ.

"ನನ್ನ ನೀಲಿ ಬಕೆಟ್ ಎಲ್ಲೋ?"

"ಕಚೇರೀಲಿದೆ ಅಪ್ಪಾ. ಯಾಕೆ?"

"ಔಷಧಿ ಕಲಸಬೇಕಿತ್ತು. ಅದು ಔಷಧಿಗೆ ಅಂತಲೇ ಇಟ್ಟಿರೋ ಬಕೆಟ್ಟು. ಕೇಳಿ ತಗೊಂಡು ಹೋಗಬಾರದಾ?"

"ಯಾವ ಔಷಧಿ?"

ಅಪ್ಪ ಬಗ್ಗಿ ಹಲಗೆಗಳ ಹಿಂದಿನಿಂದ ಒಂದು ಡಬ್ಬ ಎಳೆದ. ಚೀಟಿ ಅರ್ಧ ಕಿತ್ತುಹೋಗಿತ್ತು. ಉಳಿದರ್ಧವೇ ಸಾಕಿತ್ತು; ಲ್ಯಾಬಿನ ಗೋಡೆಯ ಮೇಲೆ 'ಇದನ್ನು ಕಂಡರೆ ತಿಳಿಸಿ' ಎಂದು ಹದಿನಾಲ್ಕು ವರ್ಷದಿಂದ ನೇತಾಡುತ್ತಿದ್ದ ಚಿತ್ರದಲ್ಲಿ ಇದೇ ಡಬ್ಬವಿತ್ತು. ಅಪ್ಪ ಮುಚ್ಚಳ ತಿರುಗಿಸಿದ. ಕಂದು ಬಣ್ಣದ ಮಂದ ದ್ರವ, ಹಳಸಿದ ಸೀಮೆಎಣ್ಣೆಯಂಥ ನಾತ.

"ಅಯ್ಯೋ, ಇದು ನಿಷೇಧ ಆಗಿರೋದಲ್ಲಪ್ಪಾ!"

"ನಿಷೇಧ ಮಾಡಿದ್ದು ಮಾರೋದನ್ನ. ನಾನೇನು ಅಂಗಡಿ ಇಟ್ಟಿದ್ದೀನಾ? ಇದು ಹಳೇದು, ಮುಗಿಯೋವರೆಗೂ ಇರುತ್ತೆ. ಒಳ್ಳೇ ಮಾಲು ಕಣೋ. ಈಗಿನವೆಲ್ಲ ಬರೀ ನೀರು."

ಜರಡಿ ಎಣ್ಣೆಯ ಕುಪ್ಪಿ ಕೆಳಗಿಟ್ಟ. ಊರ ಹೊಲಗಳಲ್ಲೆಲ್ಲ ಸಲಾಕೆ ಹಿಡಿದು ಹುಡುಕಿದ ವಿಷ ಅವನ ಮನೆಯ ಹಿಂದೆ, ಅವನು ದಿನಾ ಸೈಕಲ್ಲು ನಿಲ್ಲಿಸುವ ಜಾಗದಿಂದ ಎರಡು ಮಾರು ದೂರದಲ್ಲಿ ಇತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಅವನು ನೂರು ಜನಕ್ಕೆ ಹೇಳಿದ್ದ, ತನಗೆ ಮಾತ್ರ ಹೇಳಿಕೊಂಡಿರಲಿಲ್ಲ. ಮೂರು ಸಲ ನೀರು ಹಾಕಿದರೆ ಹೋಗುವ ಕೊಳೆಯೇ ಅದು? ಹೊಲದಲ್ಲಿ ಮರಳು ಆಡಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಮಾರನೆಯ ದಿನವೇ ಹೇಳಿಬಿಡಬೇಕು ಎಂದುಕೊಂಡ. ಹೇಳಲಿಲ್ಲ. ಮರುದಿನ ಯಂತ್ರದಮ್ಮನ ಬಾಗಿಲವರೆಗೆ ಹೋಗಿ, "ಪೆನ್ನಿದೆಯಾ?" ಎಂದು ಕೇಳಿ, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡೇ ಮೂರನೆಯದನ್ನು ತಂದ. ಯಾರಾದರೂ ಬಕೆಟ್ ಎಂದರೆ ಬೆಚ್ಚಿಬೀಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ, ಹಾಗೆ. ನಾಲ್ಕನೆಯ ದಿನ ಯಂತ್ರದಮ್ಮನೇ ಅವನ ಮೇಜಿಗೆ ಬಂದಳು.

"ಕೇಳಿದ್ರಾ ಸಾರ್? ಸೊಪ್ಪಿನಕ್ಕನ ತಮ್ಮ ಒಪ್ಪಿಕೊಂಡನಂತೆ. ಅವನೇ ಕದ್ದು ಹೊಡೆದದ್ದಂತೆ. ಮನೆ ಬಿಟ್ಟು ಹೋಗಿ ಬಸ್ ಡಿಪೋದಲ್ಲಿ ಬಸ್ಸು ತೊಳೀತಿದ್ದಾನಂತೆ."

ಆಗ ಜರಡಿಗೆ ಆದದ್ದು ಸಂತೋಷ. ಇದನ್ನು ಮುಚ್ಚಿಟ್ಟು ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ಎದೆಯ ಮೇಲಿನ ಕಲ್ಲು ದಡಕ್ಕನೆ ಇಳಿಯಿತು. ನೋಡಿದೆಯಾ, ಮಣ್ಣು ಸುಳ್ಳು ಹೇಳಲಿಲ್ಲ, ಬಕೆಟ್ ಏನೂ ಮಾಡಲಿಲ್ಲ, ಸುಮ್ಮನೆ ನಾಲ್ಕು ದಿನ ಅನ್ನ ಬಿಟ್ಟೆ ಎಂದು ತನ್ನನ್ನೇ ಗದರಿಕೊಂಡ. ಯಂತ್ರದಮ್ಮನಿಗೂ ಸೇರಿಸಿ ಚಹಾ ತರಿಸಿದ. ಅಂದು ಹೊಟ್ಟೆ ತುಂಬ ಉಂಡು, ಮಗುವಿನ ಹಾಗೆ ನಿದ್ದೆ ಮಾಡಿದ. ಮುಂದೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದದ್ದು ಬಕೆಟ್ಟೂ ಅಲ್ಲ, ಮರಳೂ ಅಲ್ಲ. ಆ ನಿದ್ದೆ.

ವಾರದ ಕೊನೆಗೆ ತಮ್ಮನ ಹೇಳಿಕೆ ಕಡತಕ್ಕೆ ಸೇರಲು ಬಂತು. ಕೆಳಗೆ 'ಪರಿಶೀಲಿಸಿದೆ' ಎಂದು ಜರಡಿ ಸಹಿ ಹಾಕಬೇಕಿತ್ತು. ರೂಲು ಹಾಕಿದ ಒಂದು ಹಾಳೆ, ಕಷ್ಟಪಟ್ಟು ಬರೆದ ದಪ್ಪ ಅಕ್ಷರ.

'ನಾನು ಬಿಳಿ ಪುಡಿ ಒಂದು ಪೊಟ್ಟಣ ತಂದು ನೀರಿಗೆ ಕಲಸಿ ಅಕ್ಕ ಮಾರ್ಕೆಟ್ಟಿಗೆ ಹೋದಾಗ ಹೊಡೆದೆ. ಅಕ್ಕನಿಗೆ ಗೊತ್ತಿಲ್ಲ. ಬೇರೆ ಯಾರಿಗೂ ಗೊತ್ತಿಲ್ಲ. ಅಕ್ಕನಿಗೆ ಗೊತ್ತಿಲ್ಲ.'

ಬಿಳಿ ಪುಡಿ!

ಆ ವಿಷ ಪುಡಿಯಾಗಿ ಎಂದೂ ಬಂದದ್ದೇ ಇಲ್ಲ. ಅದನ್ನು ಒಂದು ಸಲ ಮುಟ್ಟಿದವನು ಆ ನಾತವನ್ನು ಜನ್ಮದಲ್ಲಿ ಮರೆಯುವುದಿಲ್ಲ. ಇವನಿಗೆ ಅದರ ಬಣ್ಣ ಗೊತ್ತಿಲ್ಲ, ಅದು ನೀರೋ ಪುಡಿಯೋ ಎಂಬುದೂ ಗೊತ್ತಿಲ್ಲ. ಡಬ್ಬ ಕಣ್ಣಲ್ಲೂ ನೋಡಿಲ್ಲ ಎಂದು ಅವನ ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕಡತ ಓದುವವರು ಇನ್ನಾರೂ ಇದನ್ನು ಗಮನಿಸುತ್ತಿರಲಿಲ್ಲ. ಸಹಿ ಹಾಕಿದರೆ ಮುಗಿಯಿತು. ಜರಡಿ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಹತ್ತನ್ನು ಹನ್ನೆರಡು ಎಂದು ತಿದ್ದುವವನ ಕೈ ಬಿಳಿ ಪುಡಿಯ ಕೆಳಗೆ ಸಹಿ ಹಾಕಲಾರದೆ ಅಲ್ಲೇ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಬರೆ ಎಳೆದದ್ದು ಅವನೇ. ಎಮ್ಮೆ ತಾನಾಗಿ ಬೆನ್ನು ಕೊಟ್ಟಿತ್ತು, ಅಷ್ಟೇ ವ್ಯತ್ಯಾಸ.

ಅವನು ಎದ್ದು ಹೋಗಿ ನೀಲಿ ಬಕೆಟ್ಟಿಗೆ ಖಾಲಿ ಮರಳು ಸುರಿದ, ಕರಣೆಯಿಂದ ತಿರುವಿದ, ಸೀಸೆಗೆ ತುಂಬಿ ಯಂತ್ರದಮ್ಮನ ಮೇಜಿನ ಮೇಲೆ ಇಟ್ಟ. ಎರಡು ದಿನದ ಮೇಲೆ ಪರದೆಯ ಗೆರೆ ಅದೇ ಜಾಗದಲ್ಲಿ ಎದ್ದಿತು.

"ಇದು ಯಾವ ಹೊಲದ್ದು ಸಾರ್?"

"ಹೊಲದ್ದಲ್ಲ. ಮರಳು. ಸೊಪ್ಪಿನಕ್ಕನ ಹೊಲಕ್ಕೆ ತಗೊಂಡು ಹೋಗಿದ್ದ ಬಕೆಟ್ಟಲ್ಲಿ ಆಡಿಸಿದ್ದು."

"ಅವತ್ತಿನ ಮರಳಲ್ಲಿ ಸೊನ್ನೆ ಬಂದಿತ್ತಲ್ಲ?" ಎಂದು ಕೇಳಿದವಳು ಅವನ ಮುಖ ನೋಡಿ ಕುರ್ಚಿ ಹಿಂದಕ್ಕೆ ಸರಿಸಿದಳು. "ಎಷ್ಟು ವರ್ಷದಿಂದ ಹೀಗೆ?"

"ಹನ್ನೊಂದು."

"ನಾನು ಕೇಳಿದ್ದೆ ನಿಮ್ಮನ್ನ. ಬಾಯಿಬಿಟ್ಟು ಕೇಳಿದ್ದೆ. ಆ ಚೀಟಿಗಳ ಕೆಳಗೆಲ್ಲ ನನ್ನ ಸಹಿ ಇದೆ ಸಾರ್."

ಅವಳು ಕೂಗಾಡಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ಕನ್ನಡಕ ತೆಗೆದು ಒರೆಸುತ್ತ ಕುಳಿತಳು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ; ಆದರೆ ಭೂಮಿಯ ಜೊತೆ ಅವನು ನಡೆದುಕೊಂಡ ರೀತಿಗೆ ಅದು ಆ ಉಪಕಾರವನ್ನಾದರೂ ಯಾಕೆ ಮಾಡೀತು? ತನ್ನ ಮೇಜಿಗೆ ಹೋಗಿ ಮೇಲಿನವರಿಗೆ ಕಾಗದ ಬರೆದ. ಅಪ್ಪನ ಡಬ್ಬ, ನೀಲಿ ಬಕೆಟ್ಟು, ಚಹಾದ ಜೊತೆ ತುಂಬಿದ ಸೀಸೆಗಳು, ಒಂದನ್ನೂ ಬಿಡಲಿಲ್ಲ. ಡಬ್ಬವನ್ನೂ ತಂದು ಒಪ್ಪಿಸಿದ. "ಒಳ್ಳೇ ಮಾಲು ಹಾಳು ಮಾಡಿದೆಯಲ್ಲೋ" ಎಂದು ಅಪ್ಪ ಎರಡು ದಿನ ಮಾತು ಬಿಟ್ಟ.

ಸೊಪ್ಪಿನಕ್ಕ ಮೂಲಂಗಿ ಸಾಲಿನಲ್ಲಿ ಮಂಡಿಯೂರಿ ಕಳೆ ಕೀಳುತ್ತಿದ್ದಳು. ತಮ್ಮನ ಟೈರಿನ ತುಂಡುಗಳನ್ನು ಈಗ ಅವಳೇ ಮೊಣಕಾಲಿಗೆ ಕಟ್ಟಿಕೊಂಡಿದ್ದಳು. ಕಾಲು ಸಣ್ಣವು, ತುಂಡುಗಳು ಜಾರಿ ಜಾರಿ ಬರುತ್ತಿದ್ದವು. ಜರಡಿ ಪಕ್ಕದ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಹೇಳುವಷ್ಟು ಹೊತ್ತೂ ಅವಳ ಕೈ ನಿಲ್ಲಲಿಲ್ಲ.

"ಅವತ್ತೇ ಕೇಳಿದ್ನಲ್ಲ, ಬಕೆಟ್ಟು ಬೇರೆ ಇದೆಯಲ್ಲ ಅಂತ" ಎಂದಳು ಕೊನೆಗೆ.

"ಕೇಳಿದ್ರಿ ಅಕ್ಕಾ. ತಪ್ಪೆಲ್ಲ ನಂದೇ. ಬೈದುಬಿಡಿ."

"ಬೈಬೇಕು. ನಿಮ್ಮ ಏಳು ತಲೆಮಾರು ಸೇರಿಸಿ ಬೈಬೇಕು. ಬಾಯಿ ಬರ್ತಿಲ್ಲ." ಅವಳು ಕಿತ್ತ ಕಳೆಯನ್ನು ಮಡಿಲಿಗೆ ಹಾಕಿಕೊಂಡಳು. "ನೀವು ಹೇಳಿದ್ದು ಒಂದು ಮಾತು. ಹೇಳಿ ಸೈಕಲ್ ಹತ್ತಿ ಹೋದ್ರಿ. ದಿನಾ ಕೇಳಿದವಳು ನಾನು. ಊಟಕ್ಕೆ ತಟ್ಟೆ ಇಟ್ಟು, ತುತ್ತು ಎತ್ತೋ ಮುಂಚೆ ಕೇಳ್ತಿದ್ದೆ, ನಿಜ ಹೇಳು, ನೀನೇ ತಾನೇ ಅಂತ. ಇಲ್ಲ ಅಕ್ಕಾ ಅಂತಿದ್ದ. ಮಾರನೇ ದಿನ ಮತ್ತೆ ಕೇಳ್ತಿದ್ದೆ. ನನ್ನ ಕೈಯಲ್ಲಿ ಬೆಳೆದವನು ಸಾರ್. ಅವನಿಗೆ ಸುಳ್ಳು ಹೇಳಕ್ಕೆ ಬರಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?"

ಜರಡಿ ತನ್ನ ಸಾಲಿನಲ್ಲಿ ಕೈಗೆ ಸಿಕ್ಕ ಒಂದು ಕಳೆ ಕಿತ್ತ.

"ನಿಮ್ಮ ಬಕೆಟ್ಟು ಬಿಸಾಕಿದ್ರೆ ಆಯ್ತು. ನನ್ನ ಬಾಯಿ ಎಲ್ಲಿ ಬಿಸಾಕ್ಲಿ?" ಎಂದು ಅವಳು ಜಾರಿದ ಟೈರನ್ನು ಮೇಲಕ್ಕೆ ಎಳೆದುಕೊಂಡಳು. "ನೀವೇ ಹೋಗಿ ಹೇಳಿ ಅವನಿಗೆ. ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

ಡಿಪೋದಲ್ಲಿ ಅವಳ ತಮ್ಮ ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿಕೊಂಡು ಬಸ್ಸಿನ ಚಕ್ರಕ್ಕೆ ಪೈಪಿನಿಂದ ನೀರು ಬಿಡುತ್ತಿದ್ದ. ಜರಡಿಯನ್ನು ಕಂಡು ನಲ್ಲಿ ನಿಲ್ಲಿಸಿದ, ಎಂದಿನಂತೆ ಒಂದು ನಗು ನಕ್ಕ. ಆ ನಗು ಕಪಾಳಕ್ಕೆ ಹೊಡೆದಂತಾಯಿತು. ಎಂಟು ವರ್ಷ "ನೀನು" ಎಂದು ಕರೆದವನನ್ನು ಅಂದು ಬಾಯಿ ತಾನಾಗಿ "ನೀವು" ಎಂದಿತು. ಬಕೆಟ್ಟಿನ ಕಥೆ, ಮರಳಿನ ಕಥೆ ಎರಡನೆಯ ಸಲ ಹೇಳಿದ. ಎರಡನೆಯ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ.

"ಗೊತ್ತಿಲ್ಲದ ವಿಷಯ ಯಾಕೆ ಒಪ್ಪಿಕೊಂಡ್ರಿ?"

"ಯಾರೋ ಒಬ್ರು ಹೊಡೆದಿದ್ದಾರೆ ಅಂತ ನಿಮ್ಮ ಚೀಟಿ ಹೇಳ್ತಿತ್ತು. ಹೊಲದಲ್ಲಿ ಇದ್ದಿದ್ದೇ ಇಬ್ರು. ಅವಳಲ್ಲ ಅಂದ್ರೆ ನಾನೇ ಆಗಬೇಕು." ಪೈಪನ್ನು ಸುತ್ತಿ ಸುತ್ತಿ ಮೊಳೆಗೆ ಹಾಕಿದ ತಮ್ಮ. "ಇಲ್ಲ ಅಂತ ನೂರು ಸಲ ಹೇಳಿದೆ ಸಾರ್. ಹೌದು ಅಂತ ಒಂದೇ ಸಲ ಹೇಳಿದೆ. ಆ ಒಂದು ಸಲ ಹೇಳಿದ್ದನ್ನ ನಂಬಿದ್ಲು."

ಅವನು ಸಿಟ್ಟಿನಿಂದ ಹೇಳಲಿಲ್ಲ. ಅದೇ ಕಷ್ಟವಾಗಿತ್ತು.

"ಅಕ್ಕ ದಾರಿ ನೋಡ್ತಿದ್ದಾರೆ. ಮನೆಗೆ ಬನ್ನಿ."

"ಮತ್ತೆ ಮಣ್ಣು ತೆಗೀತೀರಲ್ಲ?"

"ಬುಧವಾರ."

"ಅವತ್ತು ರಜೆ ಕೇಳ್ತೀನಿ. ಆ ಮರಳು ಆಡಿಸೋದು ಅಂದ್ರೇನು ಅಂತ ನಾನು ನೋಡಬೇಕು. ಮನೆ ವಿಷಯ ಆಮೇಲೆ."

ಬುಧವಾರ ಜರಡಿ ಇಲಾಖೆ ಕೊಟ್ಟ ಹೊಚ್ಚಹೊಸ ಬಿಳಿ ಬಕೆಟ್ಟಿನ ಜೊತೆ ಬಂದ. ಮೂರು ಸಹಿ ಎರಡೇ ದಿನದಲ್ಲಿ ಆಗಿದ್ದವು. ಹನ್ನೊಂದು ವರ್ಷದ ಕಡತಗಳನ್ನೆಲ್ಲ ಇಳಿಸಿ ಮೇಜಿನ ಮೇಲೆ ಪೇರಿಸಿದ್ದರು. ಈ ಹೊಲ ಮುಗಿದ ಮೇಲೆ ಪ್ರತಿ ಹೊಲಕ್ಕೂ ಹೋಗಿ ಮತ್ತೆ ಮಣ್ಣು ತೆಗೆಯಬೇಕು, ಪ್ರತಿ ಗೇಟಿನಲ್ಲೂ ನಿಂತು ಯಾಕೆ ಎಂದು ಹೇಳಬೇಕು. ಜೊತೆಗೆ ಯಂತ್ರದಮ್ಮ ಬಂದಿದ್ದಳು, ನೋಡಲು. ಅವನ ಮೇಲೆ ಅವಳಿಗೆ ನಂಬಿಕೆ ಉಳಿದಿರಲಿಲ್ಲ, ಅದನ್ನು ಮುಖಕ್ಕೆ ಹೇಳಿಯೇ ಬಂದಿದ್ದಳು.

ಬದುವಿನ ಮೇಲೆ ತಮ್ಮ ನಿಂತಿದ್ದ, ಮನೆಯ ಕಡೆ ಹೋಗಿರಲಿಲ್ಲ. ಸೊಪ್ಪಿನಕ್ಕ ಒಂದು ಚೊಂಬು ನೀರು ಹಿಡಿದು ಬಂದಳು. ಅವನ ಎದುರು ನಿಂತು ಏನೋ ಹೇಳಹೊರಟು, ಬಾಯಿ ಮುಚ್ಚಿಕೊಂಡು, ಚೊಂಬು ಚಾಚಿದಳು. ಅವನು ತೆಗೆದುಕೊಂಡು ಗಟಗಟ ಕುಡಿದ.

"ಬಿಸಿಲು ಜಾಸ್ತಿ ಇದೆ" ಎಂದಳು ಅವಳು.

"ಹೂಂ" ಎಂದ ಅವನು.

ಊರಿಗೆಲ್ಲ ಕೇಳುವ ದನಿಯ ಆ ಹೆಂಗಸು ಬರಿದಾದ ಚೊಂಬನ್ನು ಎದೆಗೆ ಒತ್ತಿಕೊಂಡು ಹಾಗೇ ನಿಂತಿದ್ದಳು. ಇವರಿಬ್ಬರನ್ನೂ ಇಲ್ಲಿಗೆ ತಂದು ನಿಲ್ಲಿಸಿದವನು ನಾನು ಎಂದುಕೊಂಡ ಜರಡಿ.

ಮರಳಿನ ಚೀಲ ಬಿಚ್ಚಿದ. ಬಕೆಟ್ಟಿಗೆ ಸುರಿದ. ಕರಣೆಯಿಂದ ತಳ ಮುಟ್ಟುವಂತೆ ತಿರುವಿದ, ಅಂಚಿಗೆ ಉಜ್ಜಿ ತಿರುವಿದ. ಸೀಸೆಗೆ ತುಂಬಿ ಮುಚ್ಚಳ ಹಾಕಿ, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಸೊಂಟ ನೆಟ್ಟಗೆ ಮಾಡಿದ. ತಮ್ಮ ಇನ್ನೂ ಏನೋ ಇದೆ ಎನ್ನುವ ಹಾಗೆ ಅವನ ಕೈಯನ್ನೇ ನೋಡುತ್ತಿದ್ದ.

"ಇಷ್ಟೇನಾ ಸಾರ್?"

"ಇಷ್ಟೇ."

"ಐದು ನಿಮಿಷ" ಎಂದ ತಮ್ಮ, ತನಗೆ ತಾನೇ ಹೇಳಿಕೊಳ್ಳುವಂತೆ.

ಜರಡಿ ಗಡಿಯಾರ ನೋಡಿದ್ದ. ಮೂರು ನಿಮಿಷವಾಗಿತ್ತು. ಜನ್ಮದಲ್ಲಿ ಮೊದಲ ಸಲ ಅವನು ಇನ್ನೊಬ್ಬರ ಲೆಕ್ಕ ತಿದ್ದಲಿಲ್ಲ. ತಲೆ ತಗ್ಗಿಸಿಕೊಂಡೇ ಬಕೆಟ್ಟು ಎತ್ತಿಕೊಂಡು ಮೂಲಂಗಿಯ ಮೊದಲ ಸಾಲಿನ ಕಡೆ ನಡೆದ.